ಮೂರು ಪೆನ್ನಿಯ ಪ್ರಶ್ನೆ

1773ರ ಡಿಸೆಂಬರ್ 16ರ ರಾತ್ರಿ ಬಾಸ್ಟನ್ ಬಂದರಿನಲ್ಲಿ 342 ಪೆಟ್ಟಿಗೆ ಚಹಾ ನೀರುಪಾಲಾಯಿತು. ಈ ಕಥೆ ನಮ್ಮಲ್ಲಿ ಹೆಚ್ಚಿನವರಿಗೆ ಹೈಸ್ಕೂಲಿನ ಸಮಾಜ ಪುಸ್ತಕದಿಂದಲೇ ಗೊತ್ತು. 'ಪ್ರಾತಿನಿಧ್ಯವಿಲ್ಲದೆ ತೆರಿಗೆಯಿಲ್ಲ' ಎಂಬ ಘೋಷಣೆ, ಎರಡು ಅಂಕದ ಪ್ರಶ್ನೆ, ಆಮೇಲೆ ಮುಂದಿನ ಪಾಠ. ಆ ಪಾಠದಲ್ಲಿ ಬಿಟ್ಟುಹೋಗಿದ್ದ ಒಂದು ಸಂಗತಿ ನನಗೆ ತಿಳಿದದ್ದು ಬಹಳ ತಡವಾಗಿ. ಆ ಚಹಾ ಅಗ್ಗದ್ದಾಗಿತ್ತು. ಅದೇ ವರ್ಷ ಬ್ರಿಟಿಷ್ ಸಂಸತ್ತು ಮಾಡಿದ ಚಹಾ ಕಾಯ್ದೆಯಿಂದಾಗಿ ಈಸ್ಟ್ ಇಂಡಿಯಾ ಕಂಪನಿ ಲಂಡನ್ನಿನ ಮಧ್ಯವರ್ತಿಗಳನ್ನು ಬಿಟ್ಟು ನೇರವಾಗಿ ಅಮೆರಿಕಕ್ಕೆ ಮಾಲು ಕಳಿಸಬಹುದಿತ್ತು. ಇಂಗ್ಲೆಂಡಿನಲ್ಲಿ ಕಟ್ಟಿದ ಸುಂಕ ವಾಪಸ್ ಸಿಗುತ್ತಿತ್ತು. ಅಮೆರಿಕದಲ್ಲಿ ಕಟ್ಟಲು ಉಳಿದದ್ದು ಪೌಂಡಿಗೆ 3 ಪೆನ್ನಿ ಮಾತ್ರ. ಅದೂ ಹೊಸದಲ್ಲ, 1767ರಿಂದ ಇದ್ದದ್ದೇ. ಅಂದರೆ ಬೆಲೆ ಇಳಿಯುವ ಹೊತ್ತಿಗೆ ಜನ ಮಾಲನ್ನು ಸಮುದ್ರಕ್ಕೆ ಎಸೆದರು.

ಕಳ್ಳಸಾಗಣೆಯ ಡಚ್ ಚಹಾ ಮಾರುತ್ತಿದ್ದವರಿಗೆ ಈ ಅಗ್ಗದ ಚಹಾದಿಂದ ನಷ್ಟವಿತ್ತು ಎಂಬುದು ನಿಜ. ಆದರೆ ಬರೀ ವ್ಯಾಪಾರಿಗಳ ನಷ್ಟಕ್ಕೆ ಊರಿಗೆ ಊರೇ ಎದ್ದು ನಿಲ್ಲುವುದಿಲ್ಲ. ಎಂಟು ವರ್ಷ ಯುದ್ಧವೂ ನಡೆಯುವುದಿಲ್ಲ. ಹಾಗಾದರೆ 3 ಪೆನ್ನಿಯಲ್ಲಿ ಏನಿತ್ತು?

ಈ ಪ್ರಶ್ನೆ ನನಗೆ ಪುಸ್ತಕದ ಪ್ರಶ್ನೆಯಾಗಿ ಉಳಿಯದಿರಲು ಒಂದು ಕಾರಣವಿದೆ. ನಮ್ಮದು ಸಾಗರದ ಕಡೆಯ ಊರು, ಒಂದಿಷ್ಟು ಅಡಿಕೆ ತೋಟ. ಅಪ್ಪ ಹೋದಮೇಲೆ ತೋಟ ನೋಡಿಕೊಳ್ಳುವವನು ತಮ್ಮ. ನಾನು ಪುಣೆಯಲ್ಲಿ. ಸೊಸೈಟಿಯ ಹಳೆಯ ಸಾಲ ತೀರಿಸಿದವನು ನಾನು, ಬೋರ್‌ವೆಲ್ ಕೊರೆಸಲು ದುಡ್ಡು ಹಾಕಿದವನು ನಾನು, ಅಮ್ಮನ ಆಸ್ಪತ್ರೆಯ ಖರ್ಚು ನೋಡುವವನೂ ನಾನು. ಆಫೀಸಿನಲ್ಲಿ ಮಾಡುವ ಹಾಗೆಯೇ ಮನೆಗೂ ಒಂದು ಶೀಟ್ ಮಾಡಿದೆ. 5,000 ರೂಪಾಯಿಗಿಂತ ಹೆಚ್ಚಿನ ಖರ್ಚಿದ್ದರೆ ಮೊದಲು ನನಗೊಂದು ಮಾತು ಹೇಳಬೇಕು ಅಂತ ತಮ್ಮನಿಗೆ ಹೇಳಿದೆ. ನಾಲ್ಕು ವರ್ಷದಲ್ಲಿ ಒಮ್ಮೆಯೂ ನಾನು ಬೇಡ ಅನ್ನಲಿಲ್ಲ. ಹೋದ ಮಳೆಗಾಲಕ್ಕೆ ಮುಂಚೆ ಅವನು ಕಳೆ ಹೊಡೆಯುವ ಮಷಿನ್ ತಂದ. ನನಗೆ ಹೇಳಲಿಲ್ಲ. ಬಿಲ್ ನೋಡಿ ಫೋನ್ ಮಾಡಿದೆ. "ನಾನು ಯಾವತ್ತಾದ್ರೂ ಬೇಡ ಅಂದಿದ್ದೀನಾ?" ಅಂತ ಕೇಳಿದೆ.

"ಅಂದಿಲ್ಲ ಅಣ್ಣ," ಅಂದ. "ಆದ್ರೆ ಪ್ರತಿ ಸಲ ಕೇಳ್ಬೇಕಲ್ಲ."

ಆ ಸಂಜೆ ನನಗೆ ಸಿಟ್ಟು ಬಂದಿತ್ತು. ಇಷ್ಟೆಲ್ಲ ಮಾಡಿದವನಿಗೆ ಈ ಮಾತಾ ಅನ್ನಿಸಿತ್ತು. 1765ರ ಲಂಡನ್ನಿನಲ್ಲಿ ಕೂತಿದ್ದ ಮಂತ್ರಿಗಳಿಗೂ ಸರಿಸುಮಾರು ಹೀಗೆಯೇ ಅನ್ನಿಸಿತ್ತು ಎಂಬುದು ಓದುತ್ತಾ ಹೋದಹಾಗೆ ಗೊತ್ತಾಯಿತು.

ಅವರ ಕಡೆಯ ವಾದವನ್ನು ಮೊದಲು ನ್ಯಾಯವಾಗಿ ಹೇಳಬೇಕು. 1763ರಲ್ಲಿ ಏಳು ವರ್ಷಗಳ ಯುದ್ಧ ಮುಗಿಯಿತು. ಬ್ರಿಟನ್ ಗೆದ್ದಿತು, ಫ್ರೆಂಚರು ಕೆನಡಾ ಬಿಟ್ಟುಕೊಟ್ಟರು. ಆದರೆ ಯುದ್ಧ ಶುರುವಾದಾಗ ಇದ್ದ ಸರ್ಕಾರಿ ಸಾಲ ಮುಗಿಯುವ ಹೊತ್ತಿಗೆ ಹೆಚ್ಚುಕಡಿಮೆ ಇಮ್ಮಡಿಯಾಗಿತ್ತು. ಗೆದ್ದ ನೆಲದ ಕಾವಲಿಗೆ ಅಮೆರಿಕದಲ್ಲಿ ಸುಮಾರು 10,000 ಸೈನಿಕರನ್ನು ಇಡುವ ಯೋಜನೆ ಇತ್ತು. ಅದರ ಖರ್ಚು ಯಾರು ಹೊರಬೇಕು? ಇಂಗ್ಲೆಂಡಿನ ಪ್ರಜೆ ಆಗಲೇ ತಲೆಯ ಮೇಲೆ ದೊಡ್ಡ ತೆರಿಗೆ ಹೊತ್ತಿದ್ದ. ಅಮೆರಿಕದ ವಸಾಹತುಗಾರ ಅವನ ಹೋಲಿಕೆಯಲ್ಲಿ ಬಹಳ ಕಡಿಮೆ ಕಟ್ಟುತ್ತಿದ್ದ. ನಿಮ್ಮ ರಕ್ಷಣೆಗೆ ಆಗುವ ಖರ್ಚಿನಲ್ಲಿ ಒಂದು ಪಾಲು ನೀವೂ ಕೊಡಿ ಎನ್ನುವುದರಲ್ಲಿ ಮಂತ್ರಿ ಜಾರ್ಜ್ ಗ್ರೆನ್‌ವಿಲ್‌ಗೆ ಯಾವ ಅನ್ಯಾಯವೂ ಕಾಣಲಿಲ್ಲ. ಲೆಕ್ಕದ ಹಾಳೆಯ ಮೇಲೆ ನನಗೂ ಕಾಣುವುದಿಲ್ಲ.

1764ರಲ್ಲಿ ಅವನು ಮಾಡಿದ ಮೊದಲ ಕೆಲಸ ನೋಡಿ. ಕಾಕಂಬಿಯ ಮೇಲೆ 1733ರಿಂದ ಗ್ಯಾಲನ್ನಿಗೆ 6 ಪೆನ್ನಿ ಸುಂಕವಿತ್ತು. ಅದನ್ನು 3 ಪೆನ್ನಿಗೆ ಇಳಿಸಿದ. ತೆರಿಗೆ ಅರ್ಧಕ್ಕೆ ಇಳಿಯಿತು, ಜನ ಸಿಟ್ಟಾದರು. ಯಾಕೆಂದರೆ 6 ಪೆನ್ನಿಯ ಸುಂಕವನ್ನು ಮೂವತ್ತು ವರ್ಷ ಯಾರೂ ನೆಟ್ಟಗೆ ಕಟ್ಟಿರಲಿಲ್ಲ. ಅಧಿಕಾರಿಗಳಿಗೆ ಚೂರುಪಾರು ಕೊಟ್ಟು ಹಡಗು ಇಳಿಸುತ್ತಿದ್ದರು. ಈಗ 3 ಪೆನ್ನಿ ವಸೂಲಿಗೆ ನೌಕಾಪಡೆಯನ್ನೇ ನಿಲ್ಲಿಸಿದರು. ಜ್ಯೂರಿ ಇಲ್ಲದ ನ್ಯಾಯಾಲಯಗಳಲ್ಲಿ ಮೊಕದ್ದಮೆ ಹೂಡಿದರು.

ಇಲ್ಲಿ ಎರಡೂ ಕಡೆಯವರು ಒಂದೇ ಘಟನೆಯನ್ನು ಬೇರೆಬೇರೆ ಭಾಷೆಯಲ್ಲಿ ಓದಿಕೊಂಡರು. ಲಂಡನ್ನಿಗೆ ಇದು ಇದ್ದ ಕಾನೂನಿನ ಜಾರಿ. ಅಮೆರಿಕದವರಿಗೆ ಇದು ಇದ್ದ ಹಕ್ಕಿನ ಅಪಹರಣ. ವರ್ಜೀನಿಯದ ಜನಪ್ರತಿನಿಧಿ ಸಭೆ ಮೊದಲ ಬಾರಿ ಸೇರಿದ್ದು 1619ರಲ್ಲಿ. ಅಂದಿನಿಂದ ಸುಮಾರು ನೂರೈವತ್ತು ವರ್ಷ ಈ ವಸಾಹತುಗಳು ತಮ್ಮ ತೆರಿಗೆಯನ್ನು ತಾವೇ ಹಾಕಿಕೊಂಡು, ಎಷ್ಟೋ ಕಡೆ ರಾಜನ ಗವರ್ನರನ ಸಂಬಳವನ್ನೂ ತಾವೇ ಮಂಜೂರು ಮಾಡಿಕೊಂಡು ಬಂದಿದ್ದವು. ಲಂಡನ್ ಅಷ್ಟು ಕಾಲ ಕಣ್ಣುಮುಚ್ಚಿಕೊಂಡಿತ್ತು. ಹೀಗೆ ಕಣ್ಣುಮುಚ್ಚಿಕೊಂಡದ್ದು ಕೃಪೆಯೋ ಅಥವಾ ಒಪ್ಪಿಗೆಯೋ? ಕೊಡುವವನಿಗೆ ಕೃಪೆ, ಪಡೆದವನಿಗೆ ಒಪ್ಪಿಗೆ. ಮೂರು ತಲೆಮಾರು ನಡೆದುಬಂದ ಕಾಲುದಾರಿಗೆ ಒಂದು ದಿನ ಬೇಲಿ ಹಾಕಿದರೆ ಸರ್ವೆ ನಂಬರು ಯಾರ ಹೆಸರಿನಲ್ಲಿದೆ ಎಂಬುದು ಸಮಾಧಾನ ಕೊಡುವುದಿಲ್ಲ. ಹಳ್ಳಿಯಿಂದ ಬಂದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮುಂದಿನ ವರ್ಷ ಸ್ಟ್ಯಾಂಪ್ ಕಾಯ್ದೆ ಬಂತು. ಪತ್ರಿಕೆ, ಕರಾರು ಪತ್ರ, ಪರವಾನಗಿ, ಕೊನೆಗೆ ಇಸ್ಪೀಟಿನ ಕಟ್ಟಿಗೂ ಮುದ್ರೆ ಕಾಗದದ ತೆರಿಗೆ. ನಮ್ಮ ಪ್ರತಿನಿಧಿ ಸಂಸತ್ತಿನಲ್ಲಿಲ್ಲ ಎಂದು ವಸಾಹತುಗಳು ತಕರಾರು ಎತ್ತಿದಾಗ ಬಂದ ಉತ್ತರ ಜಾಣತನದ್ದು: ಮ್ಯಾಂಚೆಸ್ಟರಿಗೂ ಬರ್ಮಿಂಗ್‌ಹ್ಯಾಮಿಗೂ ತಮ್ಮದೇ ಸದಸ್ಯರಿಲ್ಲ, ಅವರು ತೆರಿಗೆ ಕಟ್ಟುತ್ತಿಲ್ಲವೇ? ಪ್ರತಿಯೊಬ್ಬ ಸದಸ್ಯನೂ ಇಡೀ ಸಾಮ್ರಾಜ್ಯವನ್ನೇ ಪ್ರತಿನಿಧಿಸುತ್ತಾನೆ.

ಈ ವಾದದ ತಪ್ಪು ಎಲ್ಲಿದೆ ಎಂದು ನಾನು ಬಹಳ ಯೋಚಿಸಿದ್ದೇನೆ. ಮ್ಯಾಂಚೆಸ್ಟರಿನ ಮೇಲೆ ತೆರಿಗೆ ಹಾಕುವ ಸದಸ್ಯ ಅದೇ ತೆರಿಗೆಯನ್ನು ತಾನೂ ಕಟ್ಟುತ್ತಾನೆ. ಅವನ ಕೈ ಅಷ್ಟರಮಟ್ಟಿಗೆ ಹಿಂಜರಿಯುತ್ತದೆ. ಅಮೆರಿಕದ ಮೇಲೆ ತೆರಿಗೆ ಹಾಕುವ ಸದಸ್ಯ ಅದನ್ನು ಕಟ್ಟಬೇಕಾಗಿಲ್ಲ. ಅಲ್ಲಿಂದ ಎಷ್ಟು ಹೆಚ್ಚು ಬಂದರೆ ಅವನ ಮತದಾರರ ಹೊರೆ ಅಷ್ಟು ಕಡಿಮೆ. ಸಾವಿರಾರು ಮೈಲಿಯ ಅಂತರ ಇಲ್ಲಿ ಬರೀ ಭೂಗೋಳವಲ್ಲ. ತೀರ್ಮಾನ ಮಾಡುವವನಿಗೂ ಅದರ ಪರಿಣಾಮ ಉಣ್ಣುವವನಿಗೂ ನಡುವೆ ಇರಬೇಕಾದ ನಂಟು ಕಡಿದುಹೋಗಿರುವುದೇ ನಿಜವಾದ ದೂರ. ತೋಟದ ಶೀಟನ್ನು ನಾನು ತುಂಬುವಾಗ ನನ್ನ ಅಂಗಾಲಿಗೆ ಕೆಸರು ಹತ್ತುವುದಿಲ್ಲ.

ಪ್ರತಿಭಟನೆ ಜೋರಾಯಿತು, ಬ್ರಿಟಿಷ್ ಮಾಲಿಗೆ ಬಹಿಷ್ಕಾರ ಬಿತ್ತು, ಲಂಡನ್ನಿನ ವ್ಯಾಪಾರಿಗಳೇ ಗೋಳಿಟ್ಟರು. 1766ರ ಮಾರ್ಚ್‌ನಲ್ಲಿ ಸ್ಟ್ಯಾಂಪ್ ಕಾಯ್ದೆ ರದ್ದಾಯಿತು. ಅಮೆರಿಕದಲ್ಲಿ ಗಂಟೆ ಬಾರಿಸಿ ರಾಜನಿಗೆ ಜಯಕಾರ ಹಾಕಿದರು. ಆದರೆ ಅದೇ ದಿನ ಸಂಸತ್ತು ಇನ್ನೊಂದು ಕಾಯ್ದೆಯನ್ನೂ ಜೊತೆಗಿಟ್ಟಿತು. ವಸಾಹತುಗಳನ್ನು ಯಾವುದೇ ವಿಷಯದಲ್ಲಾದರೂ ಕಟ್ಟಿಹಾಕುವ ಕಾನೂನು ಮಾಡುವ ಪೂರ್ಣ ಅಧಿಕಾರ ನಮಗಿದೆ ಎಂದು ಸಾರುವ ಘೋಷಣಾ ಕಾಯ್ದೆ ಅದು. ಅದರಿಂದ ಒಂದು ಪೆನ್ನಿಯೂ ಯಾರಿಗೂ ಖರ್ಚಾಗಲಿಲ್ಲ. ಆದರೂ ಹತ್ತು ವರ್ಷದ ಮೇಲೆ ಸ್ವಾತಂತ್ರ್ಯದ ಘೋಷಣೆ ಬರೆದವರು ತಮ್ಮ ದೂರಿನ ಪಟ್ಟಿಯಲ್ಲಿ ಈ ಹಕ್ಕುಸಾಧನೆಯನ್ನು ಸೇರಿಸಲು ಮರೆಯಲಿಲ್ಲ.

ನನಗೆ ಕಾಣುವಂತೆ ಇಡೀ ಪ್ರಶ್ನೆಯ ಹೃದಯ ಇಲ್ಲಿದೆ. ಸ್ವಾತಂತ್ರ್ಯವೆಂದರೆ ಏನು? ಯಾರೂ ನನಗೆ ಅಡ್ಡಬಾರದಿರುವುದೇ ಅಥವಾ ಅಡ್ಡಬರುವ ಅಧಿಕಾರ ಯಾರ ಕೈಯಲ್ಲೂ ಇಲ್ಲದಿರುವುದೇ? ಮೊದಲನೆಯದೇ ಸ್ವಾತಂತ್ರ್ಯವಾದರೆ ಒಳ್ಳೆಯ ಧಣಿಯ ಆಳು ಸ್ವತಂತ್ರ. ಧಣಿ ಬೈಯುವುದಿಲ್ಲ, ಹೊಡೆಯುವುದಿಲ್ಲ, ಕೇಳಿದ್ದಕ್ಕೆಲ್ಲ ಹೂಂ ಅನ್ನುತ್ತಾನೆ. ಆದರೆ ನಾಳೆ ಅವನ ಮನಸ್ಸು ಬದಲಾದರೆ ಆಳಿಗೆ ದಿಕ್ಕಿಲ್ಲ. ಅದು ಆಳಿಗೂ ಗೊತ್ತು. ಹಾಗಾಗಿ ಅವನು ಧಣಿಯ ಮುಖ ನೋಡಿಕೊಂಡು ಬದುಕುತ್ತಾನೆ. 1776ರಲ್ಲಿ ಲಂಡನ್ನಿನಲ್ಲೇ ಕೂತು ಅಮೆರಿಕದ ಪರವಾಗಿ ಪುಸ್ತಕ ಬರೆದ ರಿಚರ್ಡ್ ಪ್ರೈಸ್ ಎಂಬ ಪಾದ್ರಿಯ ವಾದದ ತಿರುಳು ಇದೇ. ಇನ್ನೊಬ್ಬರ ಮರ್ಜಿಯ ಮೇಲೆ ನಿಂತ ಬದುಕು, ಆ ಮರ್ಜಿ ಎಷ್ಟೇ ಮೃದುವಾಗಿದ್ದರೂ ದಾಸ್ಯವೇ. 3 ಪೆನ್ನಿಯನ್ನು ಒಪ್ಪಿಕೊಂಡು ಕೊಟ್ಟರೆ 300 ಪೆನ್ನಿ ಕೇಳುವ ಹಕ್ಕನ್ನೂ ಒಪ್ಪಿಕೊಂಡ ಹಾಗೆ. ಚಹಾ ಅಗ್ಗವಾಗಿದ್ದದ್ದೇ ಅವರ ಭಯವನ್ನು ಹೆಚ್ಚಿಸಿತು. ಅಗ್ಗದ ಆಸೆಗೆ ಕೊಂಡರೆ ಹಕ್ಕನ್ನೇ ಮಾರಿದಂತೆ ಎಂದು ಅವರು ಲೆಕ್ಕ ಹಾಕಿದರು.

ತಮ್ಮ ಹೇಳಿದ ಮಾತಿನ ಅರ್ಥವೂ ಇದೇ ಆಗಿತ್ತು. ನಾನು ಬೇಡ ಅಂದಿಲ್ಲ ಎನ್ನುವುದು ನನ್ನ ಒಳ್ಳೆಯತನದ ಮಾತಾಯಿತು. ಅವನು ಕೇಳಿದ್ದು ನನ್ನ ಒಳ್ಳೆಯತನದ ಬಗ್ಗೆ ಅಲ್ಲ.

ಆದರೆ ದೂರದ ಆಳ್ವಿಕೆಯೆಲ್ಲ ದಂಗೆಗೆ ದಾರಿ ಮಾಡುತ್ತದೆ ಎಂದರೆ ಅದು ಸುಳ್ಳಾಗುತ್ತದೆ. ಬಾರ್ಬಡೋಸ್, ಜಮೈಕಾ ಕೂಡ ಬ್ರಿಟಿಷ್ ವಸಾಹತುಗಳೇ. ಅವಕ್ಕೂ ಸಂಸತ್ತಿನಲ್ಲಿ ಪ್ರತಿನಿಧಿಗಳಿರಲಿಲ್ಲ, ಲಂಡನ್ ಅವಕ್ಕೂ ಅಷ್ಟೇ ದೂರ. ಅವು ಬಂಡೇಳಲಿಲ್ಲ. ಅಲ್ಲಿಯ ತೋಟದ ಧಣಿಗಳಿಗೆ ಸಕ್ಕರೆ ಮಾರಲು ಬ್ರಿಟನ್ನಿನ ರಕ್ಷಿತ ಮಾರುಕಟ್ಟೆ ಬೇಕಿತ್ತು. ಸುತ್ತಲೂ ತಮಗಿಂತ ಎಷ್ಟೋ ಪಟ್ಟು ಹೆಚ್ಚಿದ್ದ ಗುಲಾಮರ ಭಯಕ್ಕೆ ಬ್ರಿಟಿಷ್ ಸೈನ್ಯವೂ ಬೇಕಿತ್ತು. ಉತ್ತರದ ಹದಿಮೂರು ವಸಾಹತುಗಳ ಸ್ಥಿತಿ ಬೇರೆ. 1763ರವರೆಗೆ ಫ್ರೆಂಚರ ಭಯ ಅವರನ್ನು ಲಂಡನ್ನಿಗೆ ಕಟ್ಟಿತ್ತು. ಆ ಭಯವನ್ನು ತೆಗೆದುಹಾಕಿದ್ದೇ ಬ್ರಿಟನ್. ರಕ್ಷಕನ ಅಗತ್ಯ ತೀರಿದ ಹೊತ್ತಿಗೆ ರಕ್ಷಣೆಯ ಬಿಲ್ ಬಂತು. ಅವಮಾನ ಎಲ್ಲೆಡೆಯೂ ಇರುತ್ತದೆ. ಅವಮಾನಕ್ಕೆ ಎದುರು ಮಾತಾಡುವ ಧೈರ್ಯ ನೀವಿಲ್ಲದೆಯೂ ಬದುಕಬಲ್ಲೆ ಎಂಬ ಜಾಗದಿಂದ ಬರುತ್ತದೆ.

ಇನ್ನೊಂದು ಮಾತು. ಬಂಡೆದ್ದವರು ಸಾಮ್ರಾಜ್ಯದಲ್ಲಿ ಅತಿ ಹೆಚ್ಚು ತುಳಿತಕ್ಕೆ ಒಳಗಾದವರಲ್ಲ, ತಮ್ಮನ್ನು ಸಮಾನರೆಂದು ತಿಳಿದಿದ್ದವರು. ಜಾರ್ಜ್ ವಾಷಿಂಗ್ಟನ್ ಯುವಕನಾಗಿದ್ದಾಗ ಬ್ರಿಟಿಷ್ ಸೈನ್ಯದಲ್ಲಿ ಕಾಯಂ ಅಧಿಕಾರಿ ಹುದ್ದೆಗೆ ಹಂಬಲಿಸಿದ, ಸಿಗಲಿಲ್ಲ. ವಸಾಹತಿನ ಅಧಿಕಾರಿಯನ್ನು ಇಂಗ್ಲೆಂಡಿನ ಅಧಿಕಾರಿಯ ಕೆಳಗೇ ಇಡುತ್ತಿದ್ದರು. ಬೆಂಜಮಿನ್ ಫ್ರಾಂಕ್ಲಿನ್ ವರ್ಷಗಟ್ಟಲೆ ಲಂಡನ್ನಿನಲ್ಲಿದ್ದು ಸಾಮ್ರಾಜ್ಯದ ಅಭಿಮಾನಿಯಾಗಿದ್ದವನು. ಸ್ಟ್ಯಾಂಪ್ ಕಾಯ್ದೆ ಬಂದಾಗ ಅಮೆರಿಕದಲ್ಲಿ ಇಷ್ಟು ಗಲಾಟೆಯಾಗುತ್ತದೆ ಎಂದು ಅವನಿಗೇ ಹೊಳೆಯಲಿಲ್ಲ. ತನ್ನ ಸ್ನೇಹಿತನಿಗೆ ಸ್ಟ್ಯಾಂಪ್ ಹಂಚುವ ಕೆಲಸ ಕೊಡಿಸಿದ್ದ. ಊರಿನಿಂದ ದೂರವಿದ್ದರೆ ಊರಿನವನಿಗೂ ಊರು ಅರ್ಥವಾಗುವುದಿಲ್ಲ ಎನ್ನುವುದಕ್ಕೆ ಇದಕ್ಕಿಂತ ಉದಾಹರಣೆ ಬೇಕಿಲ್ಲ, ನಮ್ಮಂಥವರಿಗಂತೂ. ಅಂಥ ಫ್ರಾಂಕ್ಲಿನ್‌ನನ್ನು 1774ರ ಜನವರಿಯಲ್ಲಿ ಪ್ರಿವಿ ಕೌನ್ಸಿಲ್ಲಿನ ಮುಂದೆ ನಿಲ್ಲಿಸಿ ಸರ್ಕಾರಿ ವಕೀಲ ತುಂಬಿದ ಸಭೆಯಲ್ಲಿ ಮೂದಲಿಸಿದ. ಫ್ರಾಂಕ್ಲಿನ್ ತುಟಿ ಬಿಚ್ಚದೆ ನಿಂತಿದ್ದ. ಮರುವರ್ಷ ಅವನು ಅಮೆರಿಕಕ್ಕೆ ಮರಳಿ ಬಂಡಾಯದ ಹಿರಿಯನಾದ. ನೀನು ನಮ್ಮವನು ಎಂದು ನಂಬಿಸಿ ನೀನು ಕೆಳಗಿನವನು ಎಂದು ತೋರಿಸುವುದು ಆಳುವವರು ಮಾಡಬಹುದಾದ ಅತಿ ದುಬಾರಿಯ ತಪ್ಪು.

ದೂರ ಇನ್ನೊಂದು ಕೆಲಸ ಮಾಡುತ್ತದೆ. ಎದುರಿನವನ ಕಾರಣವನ್ನು ಮರೆಮಾಡಿ ಅವನ ಕೃತ್ಯವನ್ನು ಮಾತ್ರ ತೋರಿಸುತ್ತದೆ. ಲಂಡನ್ನಿನ ಕಾಗದ ಬಾಸ್ಟನ್ ಮುಟ್ಟಲು ವಾರಗಟ್ಟಲೆ ಬೇಕು, ಉತ್ತರ ಬರಲು ಮತ್ತೆ ಅಷ್ಟೇ. 1775ರ ಮಾರ್ಚ್‌ನಲ್ಲಿ ಎಡ್ಮಂಡ್ ಬರ್ಕ್ ಸಂಸತ್ತಿನಲ್ಲಿ ಮಾಡಿದ ಭಾಷಣದಲ್ಲಿ ನಡುವಿನ ಸಮುದ್ರವನ್ನು ನೆನಪಿಸಿ, ಆಜ್ಞೆಗೂ ಅದರ ಪಾಲನೆಗೂ ನಡುವೆ ತಿಂಗಳುಗಳು ಕಳೆಯುವ ಕಡೆ ಒಂದೇ ಒಂದು ಅಂಶವನ್ನು ಬಿಡಿಸಿ ಹೇಳಲಾಗದಿದ್ದರೂ ಇಡೀ ವ್ಯವಸ್ಥೆ ಕೆಡುತ್ತದೆ ಎಂದು ಎಚ್ಚರಿಸಿದ. ಯಾರೂ ಕೇಳಲಿಲ್ಲ. ಅಮೆರಿಕದವರಿಗೆ ಲಂಡನ್ನಿನ ಪ್ರತಿ ಕಾಯ್ದೆಯೂ ತಮ್ಮನ್ನು ಗುಲಾಮರನ್ನಾಗಿ ಮಾಡುವ ಒಂದೇ ಸಂಚಿನ ಭಾಗವಾಗಿ ಕಂಡಿತು. ಲಂಡನ್ನಿಗೆ ಎಲ್ಲ ಗಲಾಟೆಯೂ ಬಾಸ್ಟನ್ನಿನ ನಾಲ್ಕು ಕಿಡಿಗೇಡಿಗಳ ಪಿತೂರಿಯಾಗಿ ಕಂಡಿತು. ಹಾಗಾಗಿ 1774ರಲ್ಲಿ ಬಾಸ್ಟನ್ ಬಂದರನ್ನು ಮುಚ್ಚಿ, ಮ್ಯಾಸಚೂಸೆಟ್ಸಿನ ಸ್ವಯಮಾಡಳಿತವನ್ನು ಮೊಟಕು ಮಾಡಿದರು. ಒಬ್ಬನಿಗೆ ಪಾಠ ಕಲಿಸಿದರೆ ಉಳಿದವರು ಸುಮ್ಮನಾಗುತ್ತಾರೆ ಎಂಬ ಲೆಕ್ಕ. ಆ ಸೆಪ್ಟೆಂಬರಿನಲ್ಲಿ ಹನ್ನೆರಡು ವಸಾಹತುಗಳ ಪ್ರತಿನಿಧಿಗಳು ಫಿಲಡೆಲ್ಫಿಯಾದಲ್ಲಿ ಸೇರಿದರು. 1775ರ ಏಪ್ರಿಲ್ 19ರಂದು ಲೆಕ್ಸಿಂಗ್ಟನ್‌ನಲ್ಲಿ ಗುಂಡು ಹಾರಿತು. ಆಮೇಲೂ ಜುಲೈಯಲ್ಲಿ ಅವರು ರಾಜನಿಗೆ ಸಂಧಾನದ ಮನವಿ ಕಳಿಸಿದರು. ರಾಜ ಅದನ್ನು ಸ್ವೀಕರಿಸಲೂ ಇಲ್ಲ.

ಇಷ್ಟರವರೆಗೆ ಕಥೆ ಸಲೀಸು. ದೂರದ ಅಹಂಕಾರ, ಹತ್ತಿರದ ಆತ್ಮಗೌರವ. ಇಲ್ಲಿಗೆ ನಿಲ್ಲಿಸಿದರೆ ನಾನು ತಮ್ಮನ ಹತ್ತಿರ ಕ್ಷಮೆ ಕೇಳಿ ಲೇಖನ ಮುಗಿಸಬಹುದಿತ್ತು. ಆದರೆ ಅದೇ 1763ರ ಅಕ್ಟೋಬರಿನಲ್ಲಿ ರಾಜ ಹೊರಡಿಸಿದ ಇನ್ನೊಂದು ಆಜ್ಞೆ ಇದೆ. ಅಪಲಾಚಿಯನ್ ಬೆಟ್ಟಸಾಲಿನ ಆಚೆಗೆ ವಸಾಹತುಗಾರರು ನೆಲೆ ಊರಬಾರದು, ಅದು ಮೂಲನಿವಾಸಿಗಳ ನೆಲ ಎಂದು ಅದು ಹೇಳಿತು. ಲಂಡನ್ನಿಗೆ ಅವರ ಮೇಲೆ ಪ್ರೀತಿ ಇತ್ತೆಂದಲ್ಲ. ಗಡಿಯಲ್ಲಿ ಇನ್ನೊಂದು ಯುದ್ಧದ ಖರ್ಚು ಬೇಡವಾಗಿತ್ತು. ಆದರೂ ಆ ಗೆರೆ ಕೆಲವರಿಗೆ ಆಸರೆಯಾಗಿತ್ತು. ಅದೇ ಗೆರೆ ಬೆಟ್ಟದಾಚೆಯ ಭೂಮಿಯ ಮೇಲೆ ಕಣ್ಣಿಟ್ಟಿದ್ದ ವಾಷಿಂಗ್ಟನ್‌ನಂಥವರಿಗೆ ಸ್ವಾತಂತ್ರ್ಯದ ಅಡ್ಡಿಯಾಗಿತ್ತು. ಯುದ್ಧ ಮುಗಿಸಿದ 1783ರ ಒಪ್ಪಂದದಲ್ಲಿ ಆ ನೆಲವೆಲ್ಲ ಹೊಸ ರಾಷ್ಟ್ರಕ್ಕೆ ಹೋಯಿತು. ಅದರಲ್ಲಿ ಮೂಲನಿವಾಸಿಗಳ ಪ್ರಸ್ತಾಪವೇ ಇಲ್ಲ.

ಹದಿಮೂರು ವಸಾಹತುಗಳಲ್ಲಿ ಸುಮಾರು 25 ಲಕ್ಷ ಜನರಿದ್ದರು, ಅವರಲ್ಲಿ ಐದರಲ್ಲಿ ಒಂದು ಪಾಲು ಗುಲಾಮರು. ನೀಗ್ರೋಗಳ ಧಣಿಗಳೇ ಸ್ವಾತಂತ್ರ್ಯಕ್ಕಾಗಿ ಇಷ್ಟು ಜೋರಾಗಿ ಕೂಗುವುದೇಕೆ ಎಂದು ಲಂಡನ್ನಿನ ಸ್ಯಾಮ್ಯುಯೆಲ್ ಜಾನ್ಸನ್ 1775ರಲ್ಲಿ ಕುಟುಕಿದ. ಅದೇ ವರ್ಷದ ನವೆಂಬರಿನಲ್ಲಿ ವರ್ಜೀನಿಯದ ಗವರ್ನರ್ ಲಾರ್ಡ್ ಡನ್‌ಮೋರ್ ಬಂಡಾಯಗಾರರ ಗುಲಾಮರು ರಾಜನ ಪರ ಸೇರಿ ಹೋರಾಡಿದರೆ ಬಿಡುಗಡೆ ಎಂದು ಸಾರಿದ. ಅವನೂ ಗುಲಾಮರನ್ನು ಇಟ್ಟುಕೊಂಡಿದ್ದವನೇ. ಅದು ಯುದ್ಧದ ತಂತ್ರ. ಆದರೆ ಧಣಿಯ ಮನೆಯಿಂದ ಓಡಿ ರಾಜನ ಹಡಗು ಹತ್ತಿದವನಿಗೆ ತಂತ್ರದ ಉದ್ದೇಶ ಕಟ್ಟಿಕೊಂಡು ಏನಾಗಬೇಕು? ಅವನಿಗೆ ದೂರದ ರಾಜನಿಂದ ಬಿಡುಗಡೆ, ಹತ್ತಿರದ ಸ್ವಾತಂತ್ರ್ಯಪ್ರೇಮಿಯಿಂದ ಸಂಕೋಲೆ.

ದೂರದ ಅಧಿಕಾರ ನೋಯಿಸುವಷ್ಟೇ ಸಲ ಹತ್ತಿರದ ಅಧಿಕಾರದಿಂದ ಕಾಪಾಡುತ್ತದೆ ಎಂದು ನಾನು ಹೇಳುತ್ತಿಲ್ಲ. ಆದರೆ ದಂಗೆಯ ನ್ಯಾಯವನ್ನು ತೂಗುವಾಗ ದಂಗೆಯೆದ್ದವನ ಹಿತ್ತಿಲಲ್ಲಿ ಯಾರಿದ್ದಾರೆ ಎಂದು ನೋಡಲೇಬೇಕು.

ಈ ಪ್ರಶ್ನೆಯನ್ನು ನಮ್ಮ ನೆಲದಲ್ಲಿ ಎಲ್ಲರಿಗಿಂತ ಖಾರವಾಗಿ ಕೇಳಿದವರು ನಾನಿರುವ ಊರಿನವರೇ. ಜೋತಿಬಾ ಫುಲೆ ಯುವಕರಾಗಿದ್ದಾಗ ಓದಿ ಪ್ರಭಾವಿತರಾದದ್ದು ಥಾಮಸ್ ಪೇನ್‌ನ ಮನುಷ್ಯರ ಹಕ್ಕುಗಳ ಬಗೆಗಿನ ಪುಸ್ತಕ. 1776ರ ಜನವರಿಯಲ್ಲಿ ಕಿರುಹೊತ್ತಗೆಯೊಂದನ್ನು ಬರೆದು ಅಮೆರಿಕದವರನ್ನು ರಾಜನ ವಿರುದ್ಧ ಎಬ್ಬಿಸಿದ ಅದೇ ಪೇನ್. ಆದರೆ ಫುಲೆ ಆ ಪುಸ್ತಕ ಮುಚ್ಚಿ ಮೊದಲು ಲಂಡನ್ನಿನ ಕಡೆ ಕೈ ತೋರಿಸಲಿಲ್ಲ, ತಮ್ಮ ಊರಿನ ಕಡೆ ತೋರಿಸಿದರು. 1873ರಲ್ಲಿ ಪ್ರಕಟಿಸಿದ 'ಗುಲಾಮಗಿರಿ'ಯನ್ನು ಅವರು ಅರ್ಪಿಸಿದ್ದು ಅಮೆರಿಕದ ಜನರಿಗೆ, ಸ್ವಾತಂತ್ರ್ಯ ಪಡೆದದ್ದಕ್ಕಲ್ಲ, ನೀಗ್ರೋ ಗುಲಾಮರನ್ನು ಬಿಡಿಸಿದ್ದಕ್ಕೆ. ಶೂದ್ರಾತಿಶೂದ್ರರ ಮಟ್ಟಿಗೆ ಇಂಗ್ಲಿಷರ ಆಳ್ವಿಕೆ ಹತ್ತಿರದ ದಾಸ್ಯದಿಂದ ಒಂದಿಷ್ಟು ಉಸಿರಾಡಲು ಬಿಟ್ಟಿದೆ ಎಂಬುದು ಅವರ ನಿಲುವು. ಮುಂದೆ ಅಂಬೇಡ್ಕರ್, ಇಂಗ್ಲಿಷರು ಹೋದಮೇಲೆ ಅಧಿಕಾರ ಯಾರ ಕೈಗೆ ಬರುತ್ತದೆ ಎಂದು ಪದೇಪದೇ ಕೇಳಿದರು. ಸ್ವಾತಂತ್ರ್ಯ ಬೇಡವೆಂದಲ್ಲ. ಅದು ಮನೆಯ ಹೊಸಿಲಲ್ಲೇ ನಿಂತುಬಿಡಬಾರದೆಂದು.

ಬಾಸ್ಟನ್ನಿನ ಚಹಾಕ್ಕೂ ನಮಗೂ ಇನ್ನೊಂದು ನಂಟಿದೆ. ಅಷ್ಟೊಂದು ಚಹಾವನ್ನು ಅಮೆರಿಕದ ಮೇಲೆ ಸುರಿಯಬೇಕಾದ ಸ್ಥಿತಿ ಕಂಪನಿಗೆ ಬಂದದ್ದು ಅದು ದಿವಾಳಿಯ ಅಂಚಿನಲ್ಲಿದ್ದದ್ದರಿಂದ. ಅದೇ ಕಂಪನಿಯ ಆಳ್ವಿಕೆಯಲ್ಲಿ 1770ರ ಬರಗಾಲದಲ್ಲಿ ಬಂಗಾಳದ ಲಕ್ಷಾಂತರ ಜನ ಸತ್ತಿದ್ದರು. ಏಷ್ಯಾದಲ್ಲಿ ಕಂಪನಿ ಹೇಗೆ ನಡೆದುಕೊಂಡಿದೆ ನೋಡಿ, ನಾಳೆ ನಮ್ಮ ಗತಿಯೂ ಅದೇ ಎಂದು 1773ರಲ್ಲಿ ಅಮೆರಿಕದ ಕರಪತ್ರಗಳು ಎಚ್ಚರಿಸಿದವು. ಬಂಗಾಳಕ್ಕಾಗಿ ಮರುಗಿದ್ದಕ್ಕಿಂತ ತಾವೂ ಬಂಗಾಳವಾಗುತ್ತೇವೆಂದು ಬೆದರಿದ್ದೇ ಹೆಚ್ಚು. 1781ರ ಅಕ್ಟೋಬರಿನಲ್ಲಿ ಯಾರ್ಕ್‌ಟೌನ್‌ನಲ್ಲಿ ಶರಣಾದ ಕಾರ್ನ್‌ವಾಲಿಸ್ ಐದೇ ವರ್ಷದಲ್ಲಿ ಗವರ್ನರ್ ಜನರಲ್ ಆಗಿ ಇಲ್ಲಿಗೆ ಬಂದ. 1791ರಲ್ಲಿ ಬೆಂಗಳೂರು ಕೋಟೆ ಹಿಡಿದು, 1792ರಲ್ಲಿ ಶ್ರೀರಂಗಪಟ್ಟಣದ ಬಾಗಿಲಿಗೆ ಬಂದು ಟಿಪ್ಪುವಿನ ಅರ್ಧ ರಾಜ್ಯವನ್ನೂ ಇಬ್ಬರು ಮಕ್ಕಳನ್ನೂ ಒತ್ತೆಯಾಗಿ ಪಡೆದ. ಒಂದು ಖಂಡದಲ್ಲಿ ಸೋತ ಸಾಮ್ರಾಜ್ಯ ಇನ್ನೊಂದು ಖಂಡದಲ್ಲಿ ಕೈ ಬಿಗಿ ಮಾಡಿತು. ತಾವು ಇಂಗ್ಲಿಷರಂತೆಯೇ ಎನ್ನುವ ವಾದ ಹೂಡಲು ಇಲ್ಲಿಯ ರೈತನಿಗೆ ದಾರಿಯಿರಲಿಲ್ಲ.

ಹಾಗಾದರೆ ದೂರದ ಅಧಿಕಾರದ ವಿರುದ್ಧ ಏಳುವುದು ಯಾವಾಗ ನ್ಯಾಯ? ನನಗೆ ಸಿಕ್ಕಿರುವುದು ಎರಡು ಪ್ರಶ್ನೆಗಳು. ಮೊದಲನೆಯದು ಆಳುವವನಿಗೆ: ನಿನ್ನ ತೀರ್ಮಾನ ತಪ್ಪಾದರೆ ನೋವು ನಿನಗೂ ಆಗುತ್ತದೆಯೇ, ಅದನ್ನು ಪ್ರಶ್ನಿಸುವ ದಾರಿ ಎದುರಿನವನಿಗೆ ಇದೆಯೇ? ಎರಡನೆಯದು ಬಂಡೇಳುವವನಿಗೆ: ನೀನು ಕೇಳುತ್ತಿರುವ ಸ್ವಾತಂತ್ರ್ಯವನ್ನು ನಿನ್ನ ಕೈಕೆಳಗಿನವರಿಗೂ ಕೊಡುತ್ತೀಯಾ? 1776ರಲ್ಲಿ ಬ್ರಿಟನ್ ಮೊದಲನೆಯದರಲ್ಲಿ ಸೋತಿತು, ಅಮೆರಿಕ ಎರಡನೆಯದರಲ್ಲಿ ಸೋತಿತು. ಒಬ್ಬರ ಸೋಲು ಇನ್ನೊಬ್ಬರ ಸೋಲನ್ನು ತೊಳೆಯುವುದಿಲ್ಲ. ಇಂಥ ಬಿಕ್ಕಟ್ಟಿಗೆ ಯುದ್ಧವೊಂದೇ ಕೊನೆಯಾಗಬೇಕಿರಲಿಲ್ಲ ಎನ್ನುವುದಕ್ಕೂ ಸಾಕ್ಷಿ ಇದೆ. ಆ್ಯಡಮ್ ಸ್ಮಿತ್ 1776ರಲ್ಲೇ ವಸಾಹತುಗಳಿಗೆ ತೆರಿಗೆಯ ಪ್ರಮಾಣದಲ್ಲಿ ಸಂಸತ್ತಿನಲ್ಲಿ ಸ್ಥಾನ ಕೊಡಿ, ಇಲ್ಲವೇ ಸ್ನೇಹದಿಂದ ಬಿಟ್ಟುಕೊಡಿ ಎಂದಿದ್ದ. ಕೆನಡಾದಲ್ಲಿ 1837ರಲ್ಲಿ ದಂಗೆಗಳಾದಾಗ ಬ್ರಿಟನ್ ಸ್ವಲ್ಪ ಕಲಿತಿತ್ತು. 1848ರ ಹೊತ್ತಿಗೆ ಅಲ್ಲಿ ಜನಪ್ರತಿನಿಧಿಗಳಿಗೆ ಉತ್ತರ ಕೊಡಬೇಕಾದ ಸರ್ಕಾರ ಬಂತು. ನಂಟು ಕಡಿಯದೆಯೇ ಕೈ ಸಡಿಲವಾಯಿತು.

ತಮ್ಮನ ವಿಷಯ ಬಾಕಿ ಇದೆ. ಆ ಫೋನಿನ ಮಾರನೇ ದಿನ ಸಿಟ್ಟು ಇಳಿದಮೇಲೆ ಅವನಿಗೊಂದು ಮೆಸೇಜ್ ಹಾಕಿದ್ದೆ: "ಸರಿ, ಇನ್ನು ಖರ್ಚಿಗೆ ನನ್ನ ಕೇಳೋದು ಬೇಡ. ಆದ್ರೆ ದೊಡ್ಡ ವಿಷಯ ಬಂದಾಗ ಕೊನೇ ಮಾತು ನಂದೇ." ಅವನು ಒಂದು ಹೆಬ್ಬೆರಳು ಕಳಿಸಿದ. ದೊಡ್ಡ ಮನಸ್ಸು ಮಾಡಿದೆ ಎಂದುಕೊಂಡಿದ್ದೆ. ಘೋಷಣಾ ಕಾಯ್ದೆಯ ಬಗ್ಗೆ ಓದಿದ ರಾತ್ರಿ ಆ ಮೆಸೇಜನ್ನು ಮತ್ತೆ ತೆಗೆದು ನೋಡಿದೆ. ನಾನು ಮಾಡಿದ್ದು ಅಕ್ಷರಶಃ 1766ರ ಮಾರ್ಚಿನ ಕೆಲಸ. ತೆರಿಗೆ ವಾಪಸ್, ಹಕ್ಕು ಜೇಬಿನಲ್ಲಿ.

ಆದರೆ ಪೂರ್ತಿ ಕೈ ತೊಳೆದುಕೊಳ್ಳಲೂ ನನ್ನಿಂದ ಆಗುತ್ತಿಲ್ಲ, ಅದಕ್ಕೆ ಕಾರಣ ತಂಗಿ. ಅಪ್ಪ ಹೋದಮೇಲೆ ಅವಳಿಂದ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುವ ಮಾತು ಬಂದಿತ್ತು. ಅರಿಶಿನ ಕುಂಕುಮಕ್ಕೆ ಅಂತ ಒಂದಿಷ್ಟು ಕೊಟ್ಟರಾಯಿತು ಎಂದ ತಮ್ಮ. ಊರಿನವರೂ ಹಾಗೆಯೇ ಅಂದರು. ನಾನು ಸಮಪಾಲು ಎಂದೆ, ಮಾತು ಅಲ್ಲಿಗೇ ನಿಂತಿತು. ಆಗ ತಂಗಿ ಹೇಳಿದ್ದು: "ಅಣ್ಣ, ನೀನು ದೂರ ಇದ್ದಿದ್ದಕ್ಕೆ ಹಾಗಂದೆ. ಇಲ್ಲೇ ಇದ್ದಿದ್ರೆ ನೀನೂ ಅವನ ಜೊತೆ ಸೇರ್ತಿದ್ದೆ." ನಿಜವಿರಬೇಕು. ತೋಟದ ಮಣ್ಣು ಮುಟ್ಟದವನಿಗೆ ತೋಟದಲ್ಲಿ ನ್ಯಾಯ ಹೇಳುವುದು ಅಗ್ಗ. ಆ ಅಗ್ಗದ ನ್ಯಾಯವೇ ಈಗ ಅವಳಿಗಿರುವ ಆಸರೆ. ತಮ್ಮನಿಗೆ ಬೇಲಿಯಾದ ನನ್ನ ದೂರ ತಂಗಿಗೆ ಬಾಗಿಲಾಗಿದೆ.

ಮೂವರು ಮಕ್ಕಳ ಸಂಸಾರವನ್ನು ಸಾಮ್ರಾಜ್ಯಕ್ಕೆ ಹೋಲಿಸುವುದು ಅತಿಯಾಯಿತು ಎಂದು ನಿಮಗೆ ಅನ್ನಿಸಬಹುದು. ನಮ್ಮಲ್ಲಿ ಯಾರೂ ಯಾರ ನೆಲವನ್ನೂ ಗೆದ್ದಿಲ್ಲ, ಗುಂಡೂ ಹಾರಿಲ್ಲ. ಆದರೆ ಈ ಪತ್ರಿಕೆ ಓದುವ ನಮ್ಮಲ್ಲಿ ಎಷ್ಟೋ ಜನ ಮುಂಬೈಯಿಂದಲೋ ಹೈದರಾಬಾದಿನಿಂದಲೋ ಊರಿನ ಒಂದು ಮನೆಯನ್ನು, ಒಂದು ತುಂಡು ಹೊಲವನ್ನು, ವಯಸ್ಸಾದ ಇಬ್ಬರನ್ನು ಫೋನಿನಲ್ಲಿ ಆಳುತ್ತಿದ್ದೇವೆ. ದುಡ್ಡು ಕಳಿಸುವುದರಿಂದ ಆ ಹಕ್ಕು ಬಂತೆಂದು ನಂಬಿದ್ದೇವೆ. ಗ್ರೆನ್‌ವಿಲ್ ನಂಬಿದ್ದೂ ಅದನ್ನೇ.

ಈ ಸಲ ಕೊನೆ ಕೊಯ್ಲಿನ ಹೊತ್ತಿಗೆ ಊರಿಗೆ ಹೋಗುತ್ತಿದ್ದೇನೆ. ತಂಗಿಗೂ ಬರಲು ಹೇಳಿದ್ದೇನೆ. ದೊಡ್ಡ ವಿಷಯ ಯಾವುದು, ಅದರಲ್ಲಿ ಮಾತು ಯಾರದು ಎಂದು ಮೂವರೂ ಜಗಲಿಯಲ್ಲಿ ಕೂತು ತೀರ್ಮಾನಿಸಬೇಕು. ತಂಗಿಯ ಪಾಲಿನ ಬಗ್ಗೆ ನನ್ನ ಮಾತು ಬದಲಾಗುವುದಿಲ್ಲ. ಆದರೆ ಅದನ್ನು ಆ ಮನೆಯ ಮೂವರಲ್ಲಿ ಒಬ್ಬನಾಗಿ ಹೇಳಬೇಕು. ಉಳಿದ ಇಬ್ಬರೂ ನನ್ನೆದುರೇ ಬೇಡ ಅಂದರೆ ಕೂತು ಕೇಳಿಸಿಕೊಳ್ಳಬೇಕು. ಆ ಶೀಟನ್ನು ಇನ್ನೂ ಅಳಿಸಿಲ್ಲ. ಅಳಿಸಬೇಕೋ, ಇಡಬೇಕೋ ಎಂಬುದನ್ನೂ ತಮ್ಮನನ್ನೇ ಕೇಳೋಣ ಎಂದುಕೊಂಡಿದ್ದೇನೆ.